ಹಲ್ಲೆ ಮತ್ತು ಕಿರುಕುಳ: ಒಂದು ದೂರಿನ ಸಾಲುಸಾಲು ವ್ಯಾಖ್ಯಾನ

ಠಾಣೆಗೆ ಬಂದ ಹೆಣ್ಣುಮಗಳ ಮಾತಿನಲ್ಲಿ ಹಲ್ಲೆ ಯಾವುದು, ಕಿರುಕುಳ ಯಾವುದು ಎಂಬುದರ ಮೇಲೆ ಕಲಂ, ಜಾಮೀನು, ಶಿಕ್ಷೆ ಮೂರೂ ನಿಂತಿವೆ. ಅದನ್ನು ಬಿಡಿಸಿ ನೋಡಲು ಆರು ಸಾಲಿನ ದೂರೊಂದನ್ನು ಇಲ್ಲಿ ಇಟ್ಟುಕೊಂಡಿದ್ದೇನೆ. ಇದು ಮಾದರಿಗಾಗಿ ಕಟ್ಟಿದ್ದು, ಯಾರ ಪ್ರಕರಣವೂ ಅಲ್ಲ. ಹೇಳುವವಳು ಗಜೇಂದ್ರಗಡದಿಂದ ರೋಣಕ್ಕೆ ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವ ಯುವತಿ ಎಂದುಕೊಳ್ಳೋಣ. ಕಲಂಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯವು. ಅದಕ್ಕೂ ಮೊದಲು ನಡೆದ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ.

1. ‘ಮೇಡಂ, ಅಂವ ನನಗ ಭಾಳ ದಿನದಿಂದ ಕಿರುಕುಳ ಕೊಡಾಕತ್ತಾನ್ರಿ.’

ನೋವೆಲ್ಲ ಈ ಸಾಲಿನಲ್ಲಿದೆ, ಆದರೆ ಕಾನೂನಿಗೆ ಹಿಡಿಯಲು ಏನೂ ಇಲ್ಲ. ನಮ್ಮ ಸಂಹಿತೆಯಲ್ಲಿ ಬರೀ ‘ಕಿರುಕುಳ’ ಎಂಬ ಸಾಮಾನ್ಯ ಅಪರಾಧವಿಲ್ಲ. ಲೈಂಗಿಕ ಕಿರುಕುಳಕ್ಕೆ ಕಲಂ 75, ಬೆನ್ನುಹತ್ತುವುದಕ್ಕೆ 78, ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯಕ್ಕೆ 85, ಹೀಗೆ ಒಂದೊಂದು ಕೃತ್ಯಕ್ಕೂ ಬೇರೆ ಬೇರೆ ಕಲಂ. ಆದ್ದರಿಂದ ಈ ಸಾಲಿಗೆ ಠಾಣೆಯಲ್ಲಿ ಬರಬೇಕಾದ ಮರುಪ್ರಶ್ನೆ ಒಂದೇ: ‘ಏನು ಮಾಡಿದ, ಹೇಳವ್ವ.’ ಮುಂದಿನ ಐದು ಸಾಲುಗಳು ಅದಕ್ಕೆ ಉತ್ತರ.

2. ‘ಬಸ್ ಸ್ಟ್ಯಾಂಡಿನಿಂದ ದಿನಾ ಹಿಂದ ಬರ್ತಾನ್ರಿ. ಬ್ಯಾಡ ಅಂದ್ರೂ ಫೋನ್ ಮಾಡೂದು ಬಿಡವಲ್ಲ.’

ಇದು ಕಲಂ 78. ಎರಡು ಮಾತುಗಳು ಇದರ ಜೀವ: ‘ದಿನಾ’ ಮತ್ತು ‘ಬ್ಯಾಡ ಅಂದ್ರೂ’. ಹೆಣ್ಣು ತನಗೆ ಇಷ್ಟವಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಕ್ಕೆ ಯತ್ನಿಸಿದರೆ ಅಪರಾಧವಾಗುತ್ತದೆ. ಅವಳ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದೂ ಇದರೊಳಗೇ ಬರುತ್ತದೆ. ಮೊದಲ ಸಲ ಸಾಬೀತಾದರೆ 3 ವರ್ಷದವರೆಗೆ ಶಿಕ್ಷೆ, ಜಾಮೀನು ಹಕ್ಕಾಗಿ ಸಿಗುತ್ತದೆ. ಎರಡನೆಯ ಸಲಕ್ಕೆ 5 ವರ್ಷದವರೆಗೆ, ಜಾಮೀನು ಹಕ್ಕಲ್ಲ. ಫೋನಿನ ಕರೆಪಟ್ಟಿ, ಮೆಸೇಜುಗಳನ್ನು ಅಳಿಸಬಾರದು. ‘ದಿನಾ’ ಎಂಬುದಕ್ಕೆ ಅವೇ ಸಾಕ್ಷಿ.

3. ‘ಮೈಮ್ಯಾಲೆ ಹೊಲಸು ಮಾತಾಡ್ತಾನ್ರಿ.’

ಕೈ ಸೋಕಿಲ್ಲ, ಆಡಿದ್ದು ನಾಲಿಗೆ ಮಾತ್ರ. ಲೈಂಗಿಕ ಅರ್ಥದ ಮಾತು ಕಲಂ 75ರ ಪ್ರಕಾರ ಲೈಂಗಿಕ ಕಿರುಕುಳ, 1 ವರ್ಷದವರೆಗೆ ಶಿಕ್ಷೆ. ಅದೇ ಕಲಮಿನಲ್ಲಿ ಬರುವ ಬೇಡದ ಸ್ಪರ್ಶ ಮತ್ತು ಲೈಂಗಿಕವಾಗಿ ಮುನ್ನುಗ್ಗುವುದು, ಲೈಂಗಿಕ ಬೇಡಿಕೆ, ಇಷ್ಟವಿಲ್ಲದವಳಿಗೆ ಅಶ್ಲೀಲ ಚಿತ್ರ ತೋರಿಸುವುದು, ಇವಕ್ಕೆ 3 ವರ್ಷದವರೆಗೆ. ಹೆಣ್ಣಿನ ಮಾನಕ್ಕೆ ಅವಮಾನ ಮಾಡಬೇಕೆಂದೇ ಆಡಿದ ಮಾತು, ಮಾಡಿದ ಸನ್ನೆಗೆ ಕಲಂ 79 ಕೂಡ ಇದೆ. ಅಲ್ಲಿ 3 ವರ್ಷದವರೆಗೆ ಸಾದಾ ಸಜೆ ಮತ್ತು ದಂಡ. ಆದ್ದರಿಂದ ‘ಹೊಲಸು ಮಾತು’ ಎಂದಷ್ಟೇ ಬರೆಸಬಾರದು. ಹೇಳಲು ನಾಚಿಕೆಯಾದರೂ ಅವನ ಬಾಯಿಂದ ಬಂದ ಮಾತನ್ನೇ ಬರೆಸಬೇಕು. ನಾಚಿಕೆಪಡಬೇಕಾದವನು ಆಡಿದವನು.

ಆಡಿದವನು ಕೆಲಸದ ಜಾಗದವನಾದರೆ, ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ದಾರಿಯೂ ಇದೆ. 10 ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಅಂಗಡಿ, ಕಾರ್ಖಾನೆಗಳವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಕೊಡಲು ಸಾಮಾನ್ಯವಾಗಿ ಗಡುವು 3 ತಿಂಗಳು.

4. ‘ನಿನ್ನೆ ಕೈ ಎತ್ತಿ, ಹೊಡೀತೀನಿ ಅಂತ ಮೈಮ್ಯಾಲೆ ಬಂದ. ಮುಟ್ಟಲಿಲ್ಲ ಖರೆ.’

‘ಮುಟ್ಟಲಿಲ್ಲ’ ಎಂದು ಈ ಸಾಲನ್ನು ಬಿಟ್ಟುಬಿಡುವವರು ಹಲವರು. ಆದರೆ ಕಾನೂನಿನ ಹಲ್ಲೆ ಇದೇ. ಕಲಂ 130ರಂತೆ, ಈಗಲೇ ಬಲ ಪ್ರಯೋಗಿಸುತ್ತಾನೆಂದು ಎದುರಿನವರಿಗೆ ಅನ್ನಿಸುವಂತೆ ಸನ್ನೆ ಮಾಡಿದರೆ, ಸಿದ್ಧತೆ ತೋರಿದರೆ ಹಲ್ಲೆ ಪೂರ್ತಿಯಾಗುತ್ತದೆ. ಬರೀ ಮಾತು ಹಲ್ಲೆಯಲ್ಲ. ಎತ್ತಿದ ಕೈಗೆ ಆ ಮಾತು ಅರ್ಥ ಕೊಟ್ಟರೆ ಹಲ್ಲೆ. ಕೈ ತಾಗಿದರೆ ಅದು ‘ಆಪರಾಧಿಕ ಬಲ’, ಕಲಂ 129. ನೋವಾದರೆ ಕಲಂ 115. ಕಿರುಕುಳ ದಿನಗಟ್ಟಲೆ ಬೆಳೆಯಬಹುದು, ಹಲ್ಲೆಗೆ ಒಂದು ಗಳಿಗೆ ಸಾಕು.

ಬರೀ ಹಲ್ಲೆಗೆ ಕಲಂ 131ರಲ್ಲಿ ಶಿಕ್ಷೆ ಚಿಕ್ಕದು: 3 ತಿಂಗಳವರೆಗೆ ಸಜೆ, ಇಲ್ಲವೆ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಸಂಖ್ಯೆ ನೆನಪಿನಲ್ಲಿರುವವರು ಇಲ್ಲಿ ಎಚ್ಚರವಾಗಿರಬೇಕು. ಹಳೆಯ ಸಂಹಿತೆಯಲ್ಲಿ 351 ಎಂದರೆ ಹಲ್ಲೆ, ಹೊಸದರಲ್ಲಿ ಬೆದರಿಕೆ. ಹಳೆಯ 354 ಈಗ 74.

5. ‘ಆಮ್ಯಾಲೆ ಸೆರಗು ಹಿಡಿದು ಜಗ್ಗಿದ.’

ದೂರಿನ ತೂಕ ಬದಲಾಗುವುದು ಇಲ್ಲಿ. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ, ಅಥವಾ ಕುಂದು ಬರಬಹುದೆಂದು ಗೊತ್ತಿದ್ದೂ, ಹಲ್ಲೆ ಮಾಡಿದರೆ ಇಲ್ಲವೆ ಬಲ ಬಳಸಿದರೆ ಕಲಂ 74. ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಸಜೆ, ಜೊತೆಗೆ ದಂಡ. ಜಾಮೀನು ಹಕ್ಕಲ್ಲ, ನ್ಯಾಯಾಲಯದ ವಿವೇಚನೆ. ಕಲಂ 75ಕ್ಕೆ ಕನಿಷ್ಠ ಶಿಕ್ಷೆಯಿಲ್ಲ, ಜಾಮೀನು ಹಕ್ಕು. ಠಾಣೆಯಲ್ಲಿ 74 ಬಿಟ್ಟು 75 ಮಾತ್ರ ಬರೆದರೆ ದೂರುದಾರಳು ಕಳೆದುಕೊಳ್ಳುವುದು ಇದನ್ನೇ. ವಿವಸ್ತ್ರಗೊಳಿಸುವ ಉದ್ದೇಶವಿದ್ದರೆ ಕಲಂ 76, 3ರಿಂದ 7 ವರ್ಷ.

‘ಇಷ್ಟಕ್ಕೆಲ್ಲಾ ಕೇಸೇನು’ ಎನ್ನುವವರಿಗೆ ಸುಪ್ರೀಂ ಕೋರ್ಟ್ 1995ರಲ್ಲೇ ಉತ್ತರ ಕೊಟ್ಟಿದೆ. ಐಎಎಸ್ ಅಧಿಕಾರಿ ರೂಪನ್ ದೇವಲ್ ಬಜಾಜ್ ಅವರು ಪಂಜಾಬಿನ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್ ವಿರುದ್ಧ ಕೊಟ್ಟ ದೂರನ್ನು ಹೈಕೋರ್ಟ್ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಪ್ರಕರಣವನ್ನು ಮತ್ತೆ ನಡೆಸಲು ಹೇಳಿತು. ಹೆಣ್ಣಿನ ಮರ್ಯಾದೆಯ ಪ್ರಜ್ಞೆಗೆ ಆಘಾತ ತರುವಂಥ ಕೃತ್ಯವೇ ಎಂಬುದು ಅದು ಕೊಟ್ಟ ಒರೆಗಲ್ಲು.

ದೂರುದಾರಳಿಗೆ 18 ತುಂಬಿರದಿದ್ದರೆ 2012ರ ಪೋಕ್ಸೊ ಕಾಯ್ದೆ. ಅಲ್ಲಿ ಹಲ್ಲೆ, ಕಿರುಕುಳಗಳ ನಡುವಿನ ಗೆರೆ ಇನ್ನೂ ಸ್ಪಷ್ಟ: ಲೈಂಗಿಕ ಉದ್ದೇಶದ ಸ್ಪರ್ಶ ಲೈಂಗಿಕ ಹಲ್ಲೆ, 3ರಿಂದ 5 ವರ್ಷ, ಮಾತು, ಸನ್ನೆ, ಬೆನ್ನುಹತ್ತುವುದು ಲೈಂಗಿಕ ಕಿರುಕುಳ, 3 ವರ್ಷದವರೆಗೆ. ಬಟ್ಟೆಯ ಮೇಲಿಂದ ಮುಟ್ಟಿದರೂ ಹಲ್ಲೆಯೇ ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರಿನಲ್ಲಿ ತೀರ್ಪಿತ್ತಿದೆ.

6. ‘ಸ್ಟೇಶನ್ನಿಗೆ ಹೋದ್ರ ಜೀವಾ ತಗೀತೀನಿ ಅಂದಾನ್ರಿ.’

ಇದು ಆಪರಾಧಿಕ ಬೆದರಿಕೆ, ಕಲಂ 351. ಜೀವಬೆದರಿಕೆಗೆ 7 ವರ್ಷದವರೆಗೆ ಶಿಕ್ಷೆ. ಆದರೂ ಬೆದರಿಕೆ, ಬರೀ ಹಲ್ಲೆ, ಸಾದಾ ಗಾಯ, ಇವು ಒಂಟಿಯಾಗಿದ್ದರೆ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆ ಮಾಡುವಂತಿಲ್ಲ. ‘ಎನ್‌ಸಿ (ಅಸಂಜ್ಞೇಯ) ಮಾಡಿ ಕಳಿಸಿದರು’ ಎಂದು ಜನ ಹೇಳುವುದು ಇದನ್ನೇ. 74, 75, 78, 79 ಹಾಗಲ್ಲ, ಎಫ್‌ಐಆರ್ ಆಗಲೇಬೇಕು. ಅವುಗಳಲ್ಲಿ ಒಂದು ಸೇರಿದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 174ರಂತೆ ಇಡೀ ಪ್ರಕರಣದ ತನಿಖೆಗೆ ಪೊಲೀಸರಿಗೆ ಅಧಿಕಾರ ಬರುತ್ತದೆ. ಆರೂ ಸಾಲನ್ನು ಒಂದೇ ದೂರಿನಲ್ಲಿ ಹೇಳಬೇಕಾದದ್ದು ಇದಕ್ಕೇ.

ಘಟನೆ ರೋಣದಲ್ಲಿ ನಡೆದಿದ್ದರೂ ದೂರನ್ನು ಗಜೇಂದ್ರಗಡದಲ್ಲೋ ನರಗುಂದದಲ್ಲೋ ಕೊಡಬಹುದು. ‘ನಮ್ಮ ಹದ್ದಲ್ಲ’ ಎಂದು ತಿರುಗಿಸಿ ಕಳಿಸುವಂತಿಲ್ಲ. ಇಂಥ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಠಾಣೆಯವರು ದೂರು ಬರೆದುಕೊಳ್ಳಲು ಒಪ್ಪದಿದ್ದರೆ ಗದಗಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ದೂರು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಕಲಂ ಹುಡುಕುವುದು ಪೊಲೀಸರ, ವಕೀಲರ ಕೆಲಸ. ದೂರು ಕೊಡುವವಳು ಕಲಂ ಸಂಖ್ಯೆ ತಿಳಿದಿರಬೇಕಿಲ್ಲ. ಯಾವತ್ತು, ಎಲ್ಲಿ, ಎಷ್ಟು ಸಲ, ಏನಂದ, ಕೈ ಎತ್ತಿದನೋ, ಎಲ್ಲಿ ಮುಟ್ಟಿದ, ಇಷ್ಟನ್ನು ಬಿಡದೆ ಹೇಳಲಿ. ಬರೆದದ್ದನ್ನು ಓದಿಸಿ ಕೇಳಿ, ತಾನು ಹೇಳಿದ್ದೆಲ್ಲ ಅದರಲ್ಲಿದೆ ಎಂದು ಖಾತ್ರಿಯಾದ ಮೇಲೆಯೇ ಸಹಿ ಹಾಕಲಿ.