ಎಲಿವೇಶನ್ ಚಂದ ಐತಿ, ಕುಂದ್ರಾಕ ಜಾಗ ಎಲ್ಲೈತಿ?

ನಮ್ಮ ಕಡೆ ಈಗ ಮನೆ ಕಟ್ಟೋರು ಮೊದಲು ಕೇಳೋದು ಒಂದ: 'ಎಲಿವೇಶನ್ ಹೆಂಗ ಬರತೈತಿ?' ಒಳಗೆ ಅಡುಗೆಮನೆಗೆ ಗಾಳಿ ಬರತೈತೋ ಇಲ್ಲೋ, ಅದು ಆಮೇಲೆ. ಚಿಕ್ಕೋಡಿಯಿಂದ ಅಥಣಿವರೆಗೆ ಬಸ್ಸಿನ ಕಿಟಕಿಯಲ್ಲಿ ಕೂತು ಹೊರಗೆ ನೋಡ್ರಿ. ಕಬ್ಬಿನ ಹೊಲದ ನಡುವೆ ಬಿಳಿ ಕಂಬಗಳ ಮನೆ, ಮೇಲೊಂದು ತ್ರಿಕೋನ. ಯಾರದೋ ಮೊಬೈಲಿನಲ್ಲಿ ಬಂದ ಅಮೆರಿಕದ ಫೋಟೋ ಗೌಂಡಿಯ ಕೈಗೆ ಬಂದು ಹೀಗಾಗಿದೆ.

ಅಮೆರಿಕದಲ್ಲಿ ಆ ಕಂಬಗಳಿಗೆ ಕೆಲಸ ಇತ್ತು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿಯವರಿಗೆ ಗ್ರೀಕ್ ಗುಡಿಗಳ ಹುಚ್ಚು ಹತ್ತಿತು. ಹುಚ್ಚಾದರೂ ಕಂಬದ ಹಿಂದೆ ಪೋರ್ಚ್ ಇತ್ತು, ಅಲ್ಲಿ ನೆರಳು ಇತ್ತು, ನೆರಳಿನಲ್ಲಿ ಮಂದಿ ಕೂಡುತ್ತಿದ್ದರು. ನಮ್ಮ ಕಂಬಕ್ಕೂ ಗೋಡೆಗೂ ನಡುವೆ ಒಂದು ಕುರ್ಚಿ ಹಿಡಿಯೋದಿಲ್ಲ.

ಹಳೆಯ ಮನೆಗಳ ಮುಖ ಹಾಗಿರಲಿಲ್ಲ. ಅದನ್ನು ಬರೆದದ್ದು ಮಳೆ. ನಿಪ್ಪಾಣಿ ಸಹ್ಯಾದ್ರಿಗೆ ಹತ್ತಿರ, ಅಲ್ಲಿ ಇಳಿಜಾರಿನ ಹಂಚು. ಪೂರ್ವಕ್ಕೆ ಅಥಣಿ ಕಡೆ ಬಂದಂತೆ ಮಳೆ ಕಡಿಮೆ, ಮಾಡು ಸಪಾಟಾಗಿ ಮಾಳಿಗೆ ಆಗುತ್ತದೆ: ತೊಲೆ, ಜಂತಿ, ಮೇಲೆ ಮಣ್ಣು, ನಡುವೆ ಬೆಳಕಿಂಡಿ. ದೊಡ್ಡೋರ ವಾಡೆಗೆ ದೊಡ್ಡ ಬಾಗಿಲು, ಅದರೊಳಗೆ ತಲೆ ಬಗ್ಗಿಸಿ ಹೋಗೋ ದಿಂಡಿ ಬಾಗಿಲು. ಆಳಂದಿಯ ಜ್ಞಾನೇಶ್ವರ ಪಾಲಖಿಗೆ ಕುದುರೆ ಕಳಿಸುವ ಅಂಕಲಿಯ ಶಿತೋಳೆ ಸರ್ಕಾರರ ವಾಡೆ ಇವತ್ತಿಗೂ ಊರಿನ ಗುರುತು. ಅಥಣಿಯಲ್ಲಿ ಮುರುಘೇಂದ್ರ ಶಿವಯೋಗಿಗಳ ಮಠವನ್ನು ಮಂದಿ ಕರೆಯೋದೇ ಗಚ್ಚಿನ ಮಠ ಅಂತ. ಗಾರೆಯ ಹೆಸರೇ ಗುರುವಿನ ಮನೆಯ ಹೆಸರಾಯಿತು!

ಬಡವರ ಮನೆಗೆ ದಿಂಡಿ ಬಾಗಿಲು ಇರಲಿಲ್ಲ, ಖರೆ. ಆದರೆ ಕಟ್ಟೆ ಇತ್ತು. ಬಾಗಿಲಿನ ಎರಡೂ ಕಡೆ ಮೊಣಕಾಲೆತ್ತರದ ಕಟ್ಟೆ, ಗೋಡೆಯಲ್ಲಿ ದೀಪ ಇಡೋ ಮಾಡ. ತಂಬಾಕಿನ ರೇಟು, ಮಗಳ ಮದುವಿ, ಕಾರಖಾನೆಯ ಬಾಕಿ ಬಿಲ್ಲು, ಎಲ್ಲ ಅಲ್ಲೇ ತೀರ್ಮಾನ. ದಾರಿಹೋಕನೂ ಕೇಳದೇ ಕೂಡಬಹುದಿತ್ತು.

ಹಳೇದೆಲ್ಲ ಚಲೋ ಅಂತ ನಾನು ಹೇಳೋದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಬಂದಾಗ ಜುಗೂಳ, ಮಂಗಾವತಿ ಕಡೆಯ ಹೊಳಿದಂಡಿ ಊರುಗಳಲ್ಲಿ ನೀರು ಹೊಕ್ಕ ಮಣ್ಣಿನ ಗೋಡೆಗಳು ಬುಡ ನೆನೆದು ಕುಸಿದವು. ಗಂಜಿ ಕೇಂದ್ರದಲ್ಲಿ ಮಲಗಿ ಎದ್ದವನಿಗೆ 'ಮಣ್ಣಿನ ಮನೆ ತಂಪು' ಅಂತ ಭಾಷಣ ಮಾಡಿದರೆ ಹೊಡೀತಾನ, ಹೊಡೀಬೇಕೂ. ಅವನಿಗೆ ಸಿಮೆಂಟೇ ಬೇಕು. ನನ್ನ ತಕರಾರು ಸಿಮೆಂಟಿನ ಮೇಲಲ್ಲ. ಸಿಮೆಂಟಿನಲ್ಲೂ ಕಟ್ಟೆ ಕಟ್ಟಬಹುದಲ್ಲ? ಕಂಬಕ್ಕೆ ಸುರಿದ ರೊಕ್ಕದಲ್ಲಿ ಎರಡು ಕಟ್ಟೆ ಆಗತಿದ್ದವು.

ಅಮೆರಿಕದಲ್ಲೂ ಹೀಗೇ ಆಯಿತಂತೆ. ಎರಡನೇ ಮಹಾಯುದ್ಧದ ನಂತರ ಕಾರು ಬಂತು, ಎಸಿ ಬಂತು, ಮುಂದಿನ ಪೋರ್ಚ್ ಸಣ್ಣದಾಗಿ ಕೂಡೋ ಜಾಗ ಹಿತ್ತಲಿಗೆ ಹೋಯಿತು. ಬೀದಿ ಕಡೆ ಉಳಿದದ್ದು ಗ್ಯಾರೇಜಿನ ಬಾಗಿಲು. ನಾವು ಆ ಬಾಗಿಲನ್ನೂ ಬಿಡಲಿಲ್ಲ, ಕಂಬವನ್ನೂ ಬಿಡಲಿಲ್ಲ, ಎರಡನ್ನೂ ಒಂದೇ ಮನೆಗೆ ಅಂಟಿಸಿದೆವು.

ಇದನ್ನೆಲ್ಲ ಬರೆಯೋ ನಾನು ಏನು ಸಾಚಾ ಅಲ್ಲ. ನಮ್ಮ ಮನೆ ಕೆಡವಿ ಕಟ್ಟಿದಾಗ ಕಟ್ಟೆ ತೆಗೆಸಿದ್ದು ನಾನೇ, ಬೈಕ್ ನಿಲ್ಲಿಸಾಕ ಜಾಗ ಬೇಕಿತ್ತು. ಅವ್ವ ಏನೂ ಅನ್ನಲಿಲ್ಲ. ಸಂಜಿಮುಂದ ಪ್ಲಾಸ್ಟಿಕ್ ಕುರ್ಚಿ ಎಳಕೊಂಡು ಗೇಟಿನ ಹೊರಗೆ, ಗಟಾರದ ಅಂಚಿಗೆ ಹಾಕಿಕೊಂಡು ಕೂಡತಾಳ. ಎದುರು ಮನೆಯಾಕಿನೂ ತನ್ನ ಕುರ್ಚಿ ತರತಾಳ. ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಇಬ್ಬರೂ ಎದ್ದು, ಕುರ್ಚಿ ಹಿಂದಕ್ಕೆ ಸರಿಸಿ, ಅದು ಹೋದ ಮೇಲೆ ಮತ್ತೆ ಮುಂದಕ್ಕೆ ಎಳಕೋತಾರ.