ಸಾಕ್ಷಿ ತಿರುಗಿಬಿದ್ದದ್ದು ಯಾಕೆ?

ಕಡೂರಿನ ಕಾಲೇಜಿನಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' ಪಾಠ ಮಾಡುತ್ತಿದ್ದೆ. 1988ರಲ್ಲಿ ಬಂದ ಆ ಕಾದಂಬರಿಯ ಬಗ್ಗೆ ಎಂ.ಎ.ಯಲ್ಲಿ ಕಲಿತದ್ದನ್ನೆಲ್ಲ ಹೇಳಿ ಮುಗಿಸಿದ್ದೆ. ನಂಜನಗೂಡು ಸೀಮೆಯ ಆಡುಮಾತು, ಗದ್ಯ ಪದ್ಯಗಳ ಗಡಿ ಅಳಿಸಿದ ಬಗೆ, ಜನಪದ ಕಥನದ ಶಕ್ತಿ ಇತ್ಯಾದಿ. ಆಗ ಅಜ್ಜಂಪುರ ಕಡೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಚನ್ನನ್ನ ಕೊಂದ್ರಲ್ಲ, ಕೇಸಾಯ್ತಾ?"

ಕ್ಲಾಸು ನಕ್ಕಿತು. ನಾನೂ ನಕ್ಕು, "ಅದು ಕಾದಂಬರಿ ಕಣಮ್ಮ" ಅಂದೆ. ಮನೆಗೆ ಬಂದ ಮೇಲೆ ನನ್ನ ಉತ್ತರಕ್ಕೆ ನನಗೇ ನಾಚಿಕೆಯಾಯಿತು. ಮೇಲುಜಾತಿಯ ಕುಸುಮಳನ್ನು ಪ್ರೀತಿಸಿದ್ದಕ್ಕೆ ದಲಿತ ಯುವಕ ಚನ್ನ ಕೊಲೆಯಾಗುತ್ತಾನೆ. ಅದಕ್ಕೆ ಹೊಣೆಯಾದವರು ಯಾರೂ ಕಟಕಟೆಯಲ್ಲಿ ನಿಲ್ಲುವುದಿಲ್ಲ. ನಾನು ಓದಿಕೊಂಡ ವಿಮರ್ಶೆ ಈ ಕೃತಿಯ ಭಾಷೆ, ತಂತ್ರಗಳನ್ನು ಕುರಿತು ಪುಟಗಟ್ಟಲೆ ಚರ್ಚಿಸಿದೆ. ಆ ಹುಡುಗಿ ಕೇಳಿದ್ದು ಅಲ್ಲಿ ಮುಖ್ಯ ಪ್ರಶ್ನೆಯಾಗಿಲ್ಲ. ದಲಿತ ವಿಮರ್ಶೆ ಅಂತ ಒಂದು ಇರುವುದಾದರೆ ಅದು ಅವಳ ಪ್ರಶ್ನೆಯಿಂದಲೇ ಶುರುವಾಗಬೇಕು ಅನ್ನುವುದು ನನ್ನ ವಾದ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡ ನವ್ಯ ವಿಮರ್ಶೆಗೆ 'ಸಾಕ್ಷಿ' ಬಹಳ ಪ್ರಿಯವಾದ ಶಬ್ದ. ಅಡಿಗರು 1960ರ ದಶಕದಲ್ಲಿ ಶುರುಮಾಡಿದ ಪತ್ರಿಕೆಯ ಹೆಸರೇ 'ಸಾಕ್ಷಿ'. ಲೇಖಕ ಗುಂಪಿಗೆ ಸೇರದೆ, ಘೋಷಣೆ ಕೂಗದೆ, ತನ್ನ ಕಾಲವನ್ನು ನಿರ್ಮಮವಾಗಿ ನೋಡಬೇಕು. ಅದೇ ಸಾಕ್ಷಿಪ್ರಜ್ಞೆ ಅಂತ ನಮಗೆ ಕಲಿಸಲಾಯಿತು. ಇದರಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹೀಗೆ ನೋಡಿ ಬರೆದವನು ಮಾರನೇ ದಿನ ಯಾರ ಹೊಲಕ್ಕೆ ಕೂಲಿಗೆ ಹೋಗಬೇಕಿತ್ತು? ಆ ಪ್ರಶ್ನೆಯೇ ಏಳದ ಜಾಗದಲ್ಲಿ ಹುಟ್ಟಿದ ಪರಿಕಲ್ಪನೆ ಅದು. ದೂರ ನಿಂತು ನೋಡುವುದಕ್ಕೂ ನಿಲ್ಲಲು ಸ್ವಂತದ ಒಂದಿಷ್ಟು ನೆಲ ಬೇಕು.

ಇನ್ನೊಂದು ಸಾಕ್ಷಿಯಿದೆ, ಕೋರ್ಟಿನ ಸಾಕ್ಷಿ. 2000ದ ಮಾರ್ಚ್ 11ರಂದು ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ನಾಡೆಲ್ಲ ನಡುಗಿತು. ಮೆರವಣಿಗೆಗಳಾದವು, ಪದ್ಯಗಳು ಬಂದವು, ಪರಿಹಾರ ಘೋಷಣೆಯಾಯಿತು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಕೊಂದವರು ಮಾತ್ರ ಕಾನೂನಿನ ಲೆಕ್ಕದಲ್ಲಿ ಯಾರೂ ಇಲ್ಲ. ಕಾರಣ ಎಲ್ಲರಿಗೂ ಗೊತ್ತಿರುವುದೇ: ಸಾಕ್ಷಿಗಳು ತಿರುಗಿಬಿದ್ದರು.

'ತಿರುಗಿಬಿದ್ದರು' ಅನ್ನುವ ಈ ಕ್ರಿಯಾಪದವನ್ನು ಒಂದಿಷ್ಟು ಗಮನಿಸಿ. ಜೀತದವನು ಯಜಮಾನನಿಗೆ ಎದುರು ನಿಂತರೆ 'ತಿರುಗಿಬಿದ್ದ' ಅನ್ನುತ್ತೇವೆ. ಅದೇ ಜೀತದವನು ಕಟಕಟೆ ಹತ್ತಿ "ನಾನು ನೋಡಿಲ್ಲ ಸ್ವಾಮಿ" ಅಂದರೂ 'ತಿರುಗಿಬಿದ್ದ' ಅಂತಲೇ ಪತ್ರಿಕೆಗಳು ಬರೆಯುತ್ತವೆ. ಬಂಡಾಯಕ್ಕೂ ಭಯಕ್ಕೂ ಒಂದೇ ಮಾತು. ಎರಡನೆಯದರಲ್ಲಿ ತಪ್ಪೆಲ್ಲ ಸಾಕ್ಷಿಯ ತಲೆಯ ಮೇಲೆ. ಅವನನ್ನು ತಿರುಗಿಸಿದ ಕೈ ಯಾವುದು ಅಂತ ಆ ವಾಕ್ಯ ಹೇಳುವುದಿಲ್ಲ. ಕೊಂದವರು ಕಾಣದ ತೀರ್ಪಿಗೆ ತಿರುಗಿಸಿದವರು ಕಾಣದ ವ್ಯಾಕರಣ!

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಅಜ್ಜಂಪುರ ಕಡೆಯ ನಮ್ಮೂರಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಈರುಳ್ಳಿ ಕಿತ್ತ ಕೂಲಿ ಕೇಳಿದ ನಮ್ಮ ಕೇರಿಯವನೊಬ್ಬನಿಗೆ ಸಂಜೆ ಹೊತ್ತು ಹಿಡಿದು ಹೊಡೆದರು. ನಮ್ಮಪ್ಪ ಕಣ್ಣಾರೆ ಕಂಡಿದ್ದರು, ಪೋಲೀಸರಿಗೆ ಹೇಳಿಕೆಯನ್ನೂ ಕೊಟ್ಟಿದ್ದರು. ಕೇಸು ವಿಚಾರಣೆಗೆ ಬರುವಷ್ಟರಲ್ಲಿ ವರ್ಷಗಳೇ ಹೋದವು. ಅಷ್ಟೂ ವರ್ಷ ನಮ್ಮ ಮನೆಗೆ ಕೂಲಿ ಬಂದದ್ದು ಅದೇ ಹೊಲಗಳಿಂದ, ಕೈಸಾಲ ಬಂದದ್ದು ಅದೇ ಮನೆಗಳಿಂದ. ಕೋರ್ಟಿನಲ್ಲಿ ಅಪ್ಪ, "ಕತ್ಲಾಗಿತ್ತು ಬುದ್ಧಿ, ಮುಖ ಕಾಣ್ಲಿಲ್ಲ" ಅಂದುಬಿಟ್ಟರು. ನಾನು ಅವರ ಹತ್ತಿರ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೆ. ಆ ಹೊತ್ತಿಗೆ ನನ್ನ ಕಾಲೇಜು ಫೀಸಿಗೆ ಅವರು ಯಾರ ಹತ್ತಿರ ಸಾಲ ಮಾಡಿದ್ದರು ಅಂತ ತಿಳಿದದ್ದು ಬಹಳ ತಡವಾಗಿ.

ಅಪ್ಪನ ಆ 'ಕತ್ತಲೆ'ಯನ್ನು ಇಟ್ಟುಕೊಂಡು ಮತ್ತೆ 'ಕುಸುಮಬಾಲೆ' ಓದಿದೆ. ರಾತ್ರಿ ಮನೆಮನೆಯ ದೀಪಗಳು ಜೋತಮ್ಮರಾಗಿ ಬಂದು ಕೂಡಿ ಮಾತಾಡುವ ಪ್ರಸಂಗ ಎಲ್ಲರಿಗೂ ನೆನಪಿರುತ್ತದೆ. ಅದನ್ನು ನಾವು ಮಾಂತ್ರಿಕ ವಾಸ್ತವ ಅಂತ ಕರೆದು ಮೆಚ್ಚಿಕೊಂಡೆವು. ನನಗೀಗ ಅದು ಸಾಕ್ಷಿ ವಿಚಾರಣೆಯ ಹಾಗೆ ಕಾಣುತ್ತದೆ. ಮನೆಯೊಳಗಿನದನ್ನೆಲ್ಲ ಕಂಡದ್ದು ದೀಪ. ಅದಕ್ಕೆ ಕೂಲಿ ನಿಲ್ಲುವುದಿಲ್ಲ, ಬಹಿಷ್ಕಾರ ತಟ್ಟುವುದಿಲ್ಲ. ಮನುಷ್ಯರು ಬಾಯಿ ಬಿಡಲಾಗದ ಊರಿನಲ್ಲಿ ದೀಪಗಳೇ ಮಾತಾಡಬೇಕಾಗುತ್ತದೆ. ಇದನ್ನು ಬರೀ ಕಲ್ಪನೆಯ ವಿಲಾಸ ಅಂದರೆ ಆ ಊರಿನ ಭಯವನ್ನು ನಾವು ಓದಲೇ ಇಲ್ಲ ಅಂತ ಅರ್ಥ.

ಒಂದು ಆಕ್ಷೇಪ ಬರಬಹುದು. ಸಾಕ್ಷ್ಯವಿಲ್ಲದೆ ಶಿಕ್ಷೆ ಕೊಡಿ ಅಂತೀರಾ? ಖಂಡಿತ ಇಲ್ಲ. ಅನುಮಾನದ ಲಾಭ ಆರೋಪಿಗೆ ಸಲ್ಲಬೇಕು ಅನ್ನುವ ತತ್ವ ಸುಳ್ಳು ಕೇಸಿನಲ್ಲಿ ಸಿಕ್ಕಿಬೀಳುವ ನಮ್ಮ ಹುಡುಗರಿಗೇ ಹೆಚ್ಚು ಬೇಕು. ನನ್ನ ಪ್ರಶ್ನೆ ಬೇರೆ. ಸಾಕ್ಷಿ ಹೇಳುವವನು ಬದುಕುಳಿಯಲು ಬೇಕಾದ ಏರ್ಪಾಡು ಮಾಡದೆ, ಆಮೇಲೆ ಅವನ ಮೌನವನ್ನೇ ಕಾರಣ ಮಾಡಿಕೊಳ್ಳುವುದು ಯಾವ ನ್ಯಾಯ? 1989ರ ದೌರ್ಜನ್ಯ ತಡೆ ಕಾಯ್ದೆಗೆ ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳ ಅಧ್ಯಾಯ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಕಂಬಾಲಪಲ್ಲಿಯ ಕಡತಕ್ಕೆ ಹೈಕೋರ್ಟಿನ ಮುದ್ರೆಯೂ ಬಿದ್ದಾಗಿತ್ತು.

ಆಂಧ್ರದ ಚುಂಡೂರಿನಲ್ಲಿ 1991ರಲ್ಲಿ ದಲಿತರ ಕಗ್ಗೊಲೆಯಾದಾಗ ಅಲ್ಲಿನ ಜನ ಹಟ ಹಿಡಿದು ವಿಶೇಷ ನ್ಯಾಯಾಲಯವನ್ನು ತಮ್ಮೂರಿಗೇ ತರಿಸಿಕೊಂಡರು. 2007ರಲ್ಲಿ ಶಿಕ್ಷೆಯಾಯಿತು, 2014ರಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು. ನಮ್ಮ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಾದ ಮೇಲೆ, 2024ರ ಅಕ್ಟೋಬರಿನಲ್ಲಿ, 98 ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುಪಾಲು ಜನರಿಗೆ ಜಾಮೀನೂ ಸಿಕ್ಕಿತು. ಜಾಮೀನು ಕಾನೂನಿನ ಪ್ರಕಾರವೇ ಇರಬಹುದು. ಆದರೆ ಮರಕುಂಬಿಯಲ್ಲಿ ಬಾಯಿಬಿಟ್ಟು ಹೇಳಿದವರು ಇದ್ದರು ಅನ್ನುವುದನ್ನು ನಾವು ಮರೆಯಬಾರದು. ಈಗ ಅವರ ಮನೆ ಮುಂದೆ ಯಾರು ಓಡಾಡುತ್ತಾರೆ ಅನ್ನುವುದೂ ವಿಮರ್ಶೆಯ ಪ್ರಶ್ನೆ.

ಇದು ದೂರದ ಮಾತಲ್ಲ. 2024ರ ಜನವರಿಯಲ್ಲಿ ನಮ್ಮ ತರೀಕೆರೆ ತಾಲೂಕಿನ ಗೇರುಮರಡಿಯ ಗೊಲ್ಲರಹಟ್ಟಿಗೆ ಕೆಲಸಕ್ಕೆ ಹೋದ ದಲಿತ ಯುವಕನ ಮೇಲೆ ಹಲ್ಲೆಯಾಯಿತು ಎಂಬ ದೂರು ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಹಟ್ಟಿಯ ಜನವೂ ಊರು ದೂರ ಇಟ್ಟವರೇ ಅನ್ನುವುದು ಇದನ್ನು ಇನ್ನೂ ಕಷ್ಟದ ಪ್ರಶ್ನೆ ಮಾಡುತ್ತದೆ. ಯಾರು ಎಲ್ಲಿ ಕಾಲಿಡಬಹುದು, ಯಾರು ಕೂಲಿ ಕೇಳಬಹುದು, ಯಾರು ದೂರು ಕೊಡಬಹುದು ಎಂದು ಹೊಡೆದು ತೀರ್ಮಾನಿಸುವುದೇ ಹಳ್ಳಿಯ ರಾಜಕಾರಣ. ಅದನ್ನು 'ಗಲಾಟೆ', 'ಘರ್ಷಣೆ' ಅಂತ ಕರೆದು ಹಗುರ ಮಾಡುವುದೂ ಅದೇ ರಾಜಕಾರಣದ ಭಾಗ.

ತರೀಕೆರೆಯ ಪಕ್ಕದ ಭದ್ರಾವತಿಯಲ್ಲಿ ಕನ್ನಡ ಪಾಠ ಮಾಡುತ್ತಲೇ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಪಾಠಕ್ಕೂ ಪೋಲೀಸ್ ಠಾಣೆಯ ಮುಂದಿನ ಧರಣಿಗೂ ನಡುವೆ ಅವರಿಗೆ ಗೋಡೆ ಇರಲಿಲ್ಲ. ನಮ್ಮ ತಲೆಮಾರಿನ ಮೇಷ್ಟ್ರುಗಳು ಆ ಗೋಡೆಯನ್ನು ಮತ್ತೆ ಎಬ್ಬಿಸಿಕೊಂಡಿದ್ದೇವೆ. ದಲಿತ ಕೃತಿಯನ್ನು ನೋವಿನ ದಾಖಲೆ ಅಂತ ಓದಿ ಕಣ್ಣೊರೆಸಿಕೊಳ್ಳುತ್ತೇವೆ. ಅದು ಸಾಕ್ಷಿ ಹೇಳಿಕೆ ಎಂದು ಓದಿದರೆ ಕಣ್ಣೀರು ಸಾಲದು; ಹೇಳಿದವರ ಪಕ್ಕದಲ್ಲಿ, ಕೋರ್ಟಿನ ದಿನವೂ ಆಮೇಲಿನ ದಿನವೂ, ನಿಲ್ಲಬೇಕಾಗುತ್ತದೆ.

ಮಾರನೇ ದಿನ ಆ ಹುಡುಗಿಗೆ ಹೇಳಿದೆ: "ಕೇಸಾಗಲಿಲ್ಲಮ್ಮ. ನೀನು ಕೇಳಿದ್ದು ಸರಿ." ಅವಳು ಸುಮ್ಮನಿರಲಿಲ್ಲ. "ಆಗಿದ್ರೆ ಯಾರು ಸಾಕ್ಷಿ ಹೇಳ್ತಿದ್ರು ಸಾರ್?" ಅಂದಳು. ನನಗೆ ಅಪ್ಪ ನೆನಪಾದರು. ಈ ಲೇಖನದ ಶೀರ್ಷಿಕೆಯ ಪ್ರಶ್ನೆಯನ್ನು ಅವರ ಹತ್ತಿರ ನಾನು ಇನ್ನೂ ಕೇಳಿಲ್ಲ. ಕೇಳುವ ಮೊದಲು ಅವತ್ತು ಅವರ ಪಕ್ಕ ಯಾರು ನಿಂತಿದ್ದರು ಅಂತ ನಮ್ಮನ್ನು ನಾವೇ ಕೇಳಿಕೊಳ್ಳಬೇಕು.