ನೆಟ್‌ಗೆ ಬಡಿದ ಮೇಲೂ ಆಟ

ವಾಲಿಬಾಲ್ ಅಂಕಣದ ಒಂದೊಂದು ಬದಿಗೂ ಒಂಬತ್ತು ಜನ ನಿಂತರೆ ನಾವದನ್ನು ಹಬ್ಬದ ದಿನದ ಆಟ ಅಂದುಕೊಳ್ಳುತ್ತೇವೆ. ಜಪಾನಿನಲ್ಲಿ ಆ ಆಟಕ್ಕೆ ಬೇರೆಯದೇ ನಿಯಮಪುಸ್ತಕವಿದೆ, ರಾಷ್ಟ್ರೀಯ ಟೂರ್ನಿಗಳಿವೆ. ವೈಎಂಸಿಎಯ ಫ್ರಾಂಕ್ಲಿನ್ ಬ್ರೌನ್ 1913ರಲ್ಲಿ ಅಲ್ಲಿಗೆ ಬಂದು ಹಬ್ಬಿಸಿದ ಆಟ, ಹದಿನಾರು, ಹನ್ನೆರಡು ಜನರ ತಂಡಗಳನ್ನು ದಾಟಿ 1927ರಲ್ಲಿ ಒಂಬತ್ತಕ್ಕೆ ಬಂದು ನಿಂತಿತು. ಜಗತ್ತೆಲ್ಲ ಆರು ಜನರ ಆಟಕ್ಕೆ ಹೊರಳಿದ ಮೇಲೂ ಜಪಾನೀಯರು ಇದನ್ನು ಕೈಬಿಡಲಿಲ್ಲ. ಹಟದಿಂದ ಉಳಿಸಿಕೊಂಡರು ಎನ್ನುವವರಿದ್ದಾರೆ. ಚೆಂಡನ್ನು ಮುಟ್ಟುವ ನಿಯಮಗಳನ್ನು ನೋಡಿದರೆ, ಉಳಿಸಿಕೊಂಡದ್ದೇ ಸರಿ ಅನ್ನಿಸುತ್ತದೆ.

ಆರು ಜನರ ಆಟದಲ್ಲಿ ಮೂರನೇ ಟಚ್ ನೆಟ್‌ಗೆ ಬಡಿದು ಈಚೆಗೇ ಉಳಿದರೆ ಕತೆ ಮುಗಿಯಿತು. ಒಂಬತ್ತರಲ್ಲಿ ಹಾಗಲ್ಲ. ಮೂರನೆಯದು ನೆಟ್‌ಗೆ ತಗುಲಿದರೆ ನಾಲ್ಕನೇ ಟಚ್ ಸಿಗುತ್ತದೆ. ನೆಟ್‌ಗೆ ಹೊಡೆದವಳೇ ಅದನ್ನು ಮತ್ತೆ ಎತ್ತಬಹುದು, ಡಬಲ್, ಅಂದರೆ ಒಬ್ಬಳೇ ಸತತ ಎರಡು ಸಲ ಮುಟ್ಟಿದ ತಪ್ಪು, ಅನ್ನಿಸಿಕೊಳ್ಳುವುದಿಲ್ಲ. ಕೇಳಲು ರಿಯಾಯಿತಿಯಂತಿದೆ, ಆಡಲು ಹೋದರೆ ಅದೇ ಒಂದು ವಿದ್ಯೆ. ನೆಟ್‌ನ ಮೇಲಂಚಿಗೆ ತಾಗಿದ ಚೆಂಡು ಸೀದಾ ಕೆಳಗೆ ಬೀಳುತ್ತದೆ. ಕೆಳಭಾಗಕ್ಕೆ ಬಡಿದದ್ದು ಬಲೆಯನ್ನು ಜಗ್ಗಿ ಹೊರಕ್ಕೆ ಚಿಮ್ಮುತ್ತದೆ. ಅನುಭವವಿರುವವಳು ನೆಟ್‌ಗೆ ಬೆನ್ನು ಹಾಕುವುದಿಲ್ಲ. ಪಕ್ಕಕ್ಕೆ ತಿರುಗಿ, ಮಂಡಿ ಮಡಿಸಿ, ಮುಂಗೈಗಳನ್ನು ನೆಲದ ಹತ್ತಿರಕ್ಕೆ ತಂದು ಕಾಯುತ್ತಾಳೆ. ಕೆಟ್ಟ ಪಾಸ್ ಬಂದಾಗ ಬೇಕೆಂದೇ ನೆಟ್‌ನ ಕೆಳಭಾಗಕ್ಕೆ ಹೊಡೆದು ಹೊಸದಾಗಿ ಎತ್ತಿಕೊಳ್ಳುವುದೂ ಉಂಟು.

ಅಮೆರಿಕದ ಕಾಲೇಜು ಮಹಿಳಾ ವಾಲಿಬಾಲ್ 2024ರಲ್ಲಿ ಬೇರೆ ತೆರನ ಸಡಿಲಿಕೆ ತಂದಿತು: ಚೆಂಡನ್ನು ಜೊತೆಯಾಟಗಾರ್ತಿಗೇ ಕೊಡುವುದಾದರೆ, ತಂಡದ ಎರಡನೇ ಟಚ್‌ನಲ್ಲಿ ಡಬಲ್ ಆದರೂ ತಪ್ಪಲ್ಲ. ಅದರಿಂದ ರೆಫ್ರಿಯ ತಲೆನೋವು ಇಳಿದಿರಬಹುದು, ಆಟಗಾರ್ತಿ ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ. ಜಪಾನಿನ ನಿಯಮ ಬಿಟ್ಟುಕೊಟ್ಟಲ್ಲೇ ಹೊಸ ಕೆಲಸವನ್ನೂ ಹಚ್ಚುತ್ತದೆ. ಬಿಗಿ ಇರುವಲ್ಲಿ ಬಿಗಿಯೂ ಇದೆ. ಬ್ಲಾಕ್‌ನಲ್ಲಿ ತಾಗಿದ್ದೂ ಒಂದು ಟಚ್ ಎಂದೇ ಲೆಕ್ಕ. ಬ್ಲಾಕ್ ಮಾಡುವಾಗ ಕೈ ನೆಟ್‌ನಾಚೆ ಹೋದರೆ ತಪ್ಪು. ಹೀಗಾಗಿ ಎತ್ತರದವಳ ಪ್ರಾಬಲ್ಯ ಅಷ್ಟರಮಟ್ಟಿಗೆ ತಗ್ಗುತ್ತದೆ.

ಕೈ ನೆಟ್ ದಾಟಿದ ತಪ್ಪಿಗೂ ಜಪಾನಿನ ವಾಲಿಬಾಲ್ ಚರಿತ್ರೆಗೂ ಹಳೆಯ ನಂಟು. 1964ರ ಅಕ್ಟೋಬರ್ 23ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಹಿಳೆಯರು ಸೋವಿಯತ್ ತಂಡವನ್ನು 3-0ರಿಂದ ಸೋಲಿಸಿದರು. ಕೊನೆಯ ಸೆಟ್ 15-13. ಚಿನ್ನ ತಂದ ಆ ಕೊನೆಯ ಪಾಯಿಂಟ್ ಬಂದದ್ದು ಸ್ಮ್ಯಾಶ್‌ನಿಂದಲ್ಲ, ಸೋವಿಯತ್ ಆಟಗಾರ್ತಿಯ ಕೈ ನೆಟ್‌ನಾಚೆ ಚಾಚಿದ್ದರಿಂದ. ಟಿವಿ ವೀಕ್ಷಣೆ ಶೇಕಡಾ 66.8 ಮುಟ್ಟಿದ ಪಂದ್ಯ ಅದು. ತಂಡದ ಬಹುಪಾಲು ಆಟಗಾರ್ತಿಯರು ಒಸಾಕಾ ಬಳಿಯ ನಿಚಿಬೊ ಕೈಜುಕಾ ಎಂಬ ಬಟ್ಟೆಗಿರಣಿಯ ಉದ್ಯೋಗಿಗಳು. ನಾಯಕಿ ಕಸಾಯಿ ಮಸಾಎ, ಕೋಚ್ ದೈಮಾತ್ಸು ಹಿರೋಬುಮಿ. ಒಂಬತ್ತರ ಆಟದಲ್ಲಿ ಎಲ್ಲ ಗೆದ್ದ ಮೇಲೆ ಆರಕ್ಕೆ ಹೊರಳಿದ ತಂಡ ಅದು. ನೆಲಕ್ಕೆ ಹಾರಿ ಉರುಳಿ ಚೆಂಡೆತ್ತುವ ಅವರ ವರಸೆ ಲೋಕಪ್ರಸಿದ್ಧವಾಯಿತು; ಅದರ ಹಿಂದಿದ್ದ ತಡರಾತ್ರಿಯ ಕ್ರೂರ ಅಭ್ಯಾಸವನ್ನು ಹೊಗಳಲು ನನಗಂತೂ ಮನಸ್ಸಿಲ್ಲ.

ಆ ಗೆಲುವಿನ ಅಲೆಯಲ್ಲಿ ಮೇಲೆದ್ದ 'ಮಾಮಾಸಾನ್' ವಾಲಿಬಾಲ್, ಅಂದರೆ ತಾಯಂದಿರ ವಾಲಿಬಾಲ್, ಒಂಬತ್ತನ್ನೇ ಹಿಡಿಯಿತು. ರಾಷ್ಟ್ರೀಯ ಟೂರ್ನಿ 1970ರಲ್ಲಿ ಶುರು. ನೆಟ್ 2.05 ಮೀಟರ್, ಅಂದರೆ ಅಂತಾರಾಷ್ಟ್ರೀಯ ಮಹಿಳಾ ಆಟದ 2.24ಕ್ಕಿಂತ ಗೇಣಳತೆ ಕೆಳಗೆ. ಮೊದಲ ಸರ್ವ್ ತಪ್ಪಿದರೆ ಇನ್ನೊಂದು. ವರ್ಷಗಟ್ಟಲೆ ಆಟ ಬಿಟ್ಟವಳೂ ಧೈರ್ಯವಾಗಿ ಕಾಲಿಡುವಂಥ ಏರ್ಪಾಡು. ಆದರೆ ಆಡಲು ಮದುವೆಯಾಗಿರಬೇಕು ಎಂದು ಮೊದಲಲ್ಲಿದ್ದ ಷರತ್ತು ಇದಕ್ಕೆ ಒಪ್ಪುವಂಥದ್ದಾಗಿರಲಿಲ್ಲ. ಚೆಂಡಿಗೂ ಮಾಂಗಲ್ಯಕ್ಕೂ ಏನು ಸಂಬಂಧ?

ಆಟದೊಳಗಿನ ದೊಡ್ಡ ಕೊರತೆ ಬೇರೆ. ಒಂಬತ್ತರಲ್ಲಿ ಜಾಗ ಬದಲಾಯಿಸುವ ಸುತ್ತು ಇಲ್ಲ. ಸರ್ವ್ ಮಾಡಲು ಸರದಿಯುಂಟು, ನಿಲ್ಲುವ ಜಾಗಕ್ಕಿಲ್ಲ. ಹಿಂದಿನ ಮೂಲೆಗೆ ನಿಲ್ಲಿಸಿದವಳು ಪಂದ್ಯವಿಡೀ ಅಲ್ಲೇ ಇರಬಹುದು. ಸ್ಮ್ಯಾಶ್ ಹೊಡೆಯುವವಳು ಹೊಡೆಯುತ್ತಲೇ ಇರುತ್ತಾಳೆ. ಗಿಡ್ಡಗಿದ್ದವಳಿಗೂ ತಂಡದಲ್ಲಿ ಜಾಗ ಸಿಗುತ್ತದೆ ಎಂದು ಇದನ್ನು ಸಮರ್ಥಿಸುತ್ತಾರೆ. ಜಾಗವೇನೋ ಸಿಗುತ್ತದೆ, ನೆಟ್ ಬಳಿಗೆ ಹೋಗುವ ದಾರಿ ಸಿಗುವುದಿಲ್ಲ. ಆ ನಾಲ್ಕನೇ ಟಚ್ಚನ್ನು ಎತ್ತುವ ಅವಕಾಶವೂ ಹೆಚ್ಚಾಗಿ ಮುಂದಿನ ಸಾಲಿನವರದೇ. ಊರಮಟ್ಟದ ಟೂರ್ನಿಗಳಲ್ಲಾದರೂ ಸೆಟ್‌ಗೊಮ್ಮೆ ಹಿಂದಿನ ಸಾಲನ್ನು ಮುಂದಕ್ಕೆ ತರಬಹುದು. ನೆಟ್‌ನ ನಿಯಮವನ್ನು ಮುಟ್ಟುವ ಅಗತ್ಯವೇ ಇಲ್ಲ.